ಹದಿನೆಂಟು ಪ್ರಶ್ನೆಗಳ ಹಾಳೆ

ನನ್ನ ಬಲಗೈಯಲ್ಲಿ ಮೂರು ಬೆರಳಿವೆ. ಕಿರುಬೆರಳು ಮತ್ತು ಅದರ ಪಕ್ಕದ್ದು ಇಲ್ಲ. ಪೆನ್ನು ಹಿಡಿಯಲು ಮೂರು ಸಾಕು, ಕಂಬ ಹತ್ತಲು ಸಾಲದು. ಹಾಗಾಗಿ ಇಪ್ಪತ್ತು ವರ್ಷ ಲೈನ್‌ಮನ್ ಆಗಿದ್ದ ನಾನು ಈಗ ನ್ಯಾಮತಿ ತಾಲ್ಲೂಕಿನ ಒಂದು ಕರೆಂಟ್ ಆಫೀಸಿನಲ್ಲಿ ಕುರ್ಚಿ ಬಿಸಿ ಮಾಡುತ್ತಾ, ಜನರ ದೂರಿನ ಫೋನ್ ಎತ್ತುತ್ತಾ ಕೂತಿದ್ದೇನೆ. ಯಾವ ಊರಿನ ಆಫೀಸು ಎಂದು ಬರೆಯುವುದಿಲ್ಲ. ಬರೆದರೆ ಅದರ ಮೇಲೆ ಇನ್ನೊಂದು ಕಾಗದ ಎದ್ದು ಕೂರುತ್ತದೆ, ಕಾಗದಗಳ ಸಹವಾಸ ನನಗೆ ಸಾಕಾಗಿ ಹೋಗಿದೆ.

ಆದರೂ ಒಂದು ಕಾಗದದ ಬಗ್ಗೆ ಹೇಳಲೇಬೇಕು. ಹದಿನೆಂಟು ಪ್ರಶ್ನೆಗಳ ಒಂದು ಹಾಳೆ. ಅದನ್ನು ನಾಲ್ಕು ವಾರ ನಾನು ಸುಳ್ಳೇ ತುಂಬಿದೆ. ನನ್ನ ಜೊತೆಗಾರನ ಒಳ್ಳೆಯದಕ್ಕೆಂದೇ ತುಂಬಿದೆ. ಆ ಒಳ್ಳೆಯತನದಿಂದ ಇನ್ನಿಬ್ಬರ ಜೀವ ಹೋಗುವುದರಲ್ಲಿತ್ತು.

ಜೊತೆಗಾರ ನನಗಿಂತ ಒಂಬತ್ತು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಾನೆ. ಲೈನಿನಲ್ಲಿ ಎಲ್ಲಿ ದೋಷವಿದೆ ಎಂದು ಹುಡುಕುವುದರಲ್ಲಿ ಅವನಷ್ಟು ಚುರುಕಿನವನನ್ನು ನಾನು ನೋಡಿಲ್ಲ. ಬೈಕಿನಲ್ಲಿ ಹೋಗುತ್ತಲೇ ಕತ್ತೆತ್ತಿ ನೋಡಿ, ಅಗಾ ಅಲ್ಲಿ ತಂತಿ ಕಟ್ಟಿದ ಪಿಂಗಾಣಿ ಸೀಳೈತೆ ಎನ್ನುತ್ತಿದ್ದ, ಸೀಳಿರುತ್ತಿತ್ತು. ಆದರೆ ಆ ಬೈಕಿನ ಕೀಲಿಯನ್ನು ಎಲ್ಲಿಟ್ಟೆ ಎಂದು ಕೇಳಿದರೆ ಮುಗಿಯಿತು. ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಸವಳಂಗದ ಬಸ್ಸಿನಲ್ಲಿ ಬಿಟ್ಟು ಬಂದು ನನ್ನ ಬುತ್ತಿಗೆ ಕೈ ಹಾಕುತ್ತಿದ್ದ. ಕಟಿಂಗ್ ಪ್ಲೇಯರನ್ನು ಕಂಬದ ತುದಿಯಲ್ಲೇ ಮರೆತು ಇಳಿಯುತ್ತಿದ್ದ. ನಮ್ಮ ಕಡೆ ಯಾವ ಕಂಬ ಹತ್ತಿದರೂ ಅವನದೊಂದು ಸಾಮಾನು ಸಿಗುತ್ತದೆ ಎಂದು ನಾವು ನಗುತ್ತಿದ್ದೆವು. ನೀವು ಒಂದು ಮಾತು ಶುರು ಮಾಡಿದರೆ ಅದು ಮುಗಿಯುವ ಮೊದಲೇ ಅವನ ಉತ್ತರ ಬಂದಿರುತ್ತಿತ್ತು, ಉತ್ತರ ಮುಗಿಯುವ ಮೊದಲೇ ಅವನು ಎದ್ದು ಹೋಗಿರುತ್ತಿದ್ದ. ಹುಟ್ಟುಗುಣ ಎಂದು ಬಿಟ್ಟುಬಿಟ್ಟಿದ್ದೆವು.

ನಮ್ಮ ಕೆಲಸದಲ್ಲಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಎಂಬುದೊಂದಿದೆ. ದೊಡ್ಡ ಲೈನನ್ನು ಮುಟ್ಟುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಇಂಥ ಲೈನ್ ಬಂದ್ ಮಾಡಿ ಎಂದು ಕೇಳಬೇಕು. ಅಲ್ಲಿಯ ಆಪರೇಟರ್ ಬಂದ್ ಮಾಡಿ ಒಂದು ನಂಬರ್ ಕೊಡುತ್ತಾರೆ. ಅದು ಎಲ್‌ಸಿ ತೆಗೆದುಕೊಳ್ಳುವುದು. ಕೆಲಸ ಮುಗಿದು, ಹತ್ತಿದವರೆಲ್ಲ ಇಳಿದ ಮೇಲೆ ಆ ನಂಬರನ್ನು ಹೇಳಿ ವಾಪಸ್ ಕೊಡಬೇಕು. ಆಮೇಲೆ ಅವರು ಕರೆಂಟ್ ಬಿಡುತ್ತಾರೆ. ಎಲ್‌ಸಿ ಯಾರ ಕೈಯಲ್ಲಿದೆಯೋ ಅವನ ಕೈಯಲ್ಲಿ ಕಂಬದ ಮೇಲಿರುವವನ ಜೀವ ಇರುತ್ತದೆ. ಇದರಲ್ಲಿ ತಿಳಿಯದಿರುವಂಥದ್ದು ಏನೂ ಇಲ್ಲ.

ಆ ಹಾಳೆ ಬರುವುದಕ್ಕೆ ಎರಡು ವರ್ಷ ಮೊದಲು ಒಂದು ಮಧ್ಯಾಹ್ನ ಎಲ್‌ಸಿ ಅವನ ಕೈಯಲ್ಲಿತ್ತು, ಕಂಬದ ಮೇಲೆ ನಾನಿದ್ದೆ. ಸಡಿಲಾದ ಒಂದು ತಂತಿ ಬಿಗಿ ಮಾಡುವ ಐದು ನಿಮಿಷದ ಕೆಲಸ. ಅಕಸ್ಮಾತ್ ಕರೆಂಟ್ ಬಂದರೂ ಅದನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ರಾಡನ್ನು ಲೈನಿಗೆ ಹಾಕಿಕೊಂಡು ಹತ್ತಬೇಕು, ಅದು ನಿಯಮ. ಐದು ನಿಮಿಷಕ್ಕೆ ಯಾಕೆ ಎಂದು ರಾಡನ್ನು ಬೈಕಿನ ಹತ್ತಿರವೇ ಬಿಟ್ಟೆ. ಅಷ್ಟು ತಪ್ಪು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ನಾನು ಮೇಲಿದ್ದಾಗ ಅವನಿಗೆ ಒಬ್ಬ ರೈತನ ಫೋನ್ ಬಂತು, ಮೆಕ್ಕೆಜೋಳದ ಹೊಲದಲ್ಲಿ ತಂತಿ ಜೋತು ಬಿದ್ದಿದೆ ಎಂದು. ಮಾತಾಡುತ್ತಾ ಮಾತಾಡುತ್ತಾ ನಡೆದುಕೊಂಡು ಹೋದ. ಆ ಫೋನ್ ಮುಗಿಯುವ ಹೊತ್ತಿಗೆ ಅವನ ತಲೆಯಲ್ಲಿ ಈ ಕೆಲಸವೂ ಮುಗಿದುಹೋಗಿತ್ತು. ಸಬ್‌ಸ್ಟೇಷನ್ನಿಗೆ ಫೋನ್ ಹಚ್ಚಿ ಎಲ್‌ಸಿ ವಾಪಸ್ ಕೊಟ್ಟುಬಿಟ್ಟ.

ಬೆಳಕು ಕಂಡಿತು, ಸದ್ದು ಕೇಳಲಿಲ್ಲ. ಸೊಂಟದ ಬೆಲ್ಟು ನನ್ನನ್ನು ಕೆಳಕ್ಕೆ ಬಿಡಲಿಲ್ಲ. ಇಷ್ಟೇ ನನಗೆ ನೆನಪಿರುವುದು. ಅವನೇ ಓಡಿ ಬಂದನಂತೆ, ಅವನೇ ಮತ್ತೆ ಬಂದ್ ಮಾಡಿಸಿದನಂತೆ, ಅವನೇ ಹತ್ತಿ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಸಿದನಂತೆ.

ಆಸ್ಪತ್ರೆಯಲ್ಲಿ ಮೇಲಿನ ಸಾಹೇಬರೊಬ್ಬರು ಹೇಳಿಕೆ ಬರೆದುಕೊಳ್ಳಲು ಬಂದರು. ನಮ್ಮಲ್ಲಿ ಒಂದು ರೂಢಿ ಇದೆ. ಬಾಯಲ್ಲಿ ಎಷ್ಟು ಬೇಕಾದರೂ ಬೈದುಕೊಳ್ಳಬಹುದು, ಕಾಗದದಲ್ಲಿ ಮಾತ್ರ ಜೊತೆಗಾರನ ಮೇಲೆ ಒಂದಕ್ಷರ ಕೊಡಬಾರದು. ಕಾಗದ ಎಂದರೆ ವಿಚಾರಣೆ, ವಿಚಾರಣೆ ಎಂದರೆ ಒಬ್ಬನ ಮನೆಯ ಒಲೆ ಆರುವುದು. ಕೆಲಸ ಮುಗಿಯಿತು ಎಂದು ನಾನೇ ಕೂಗಿ ಹೇಳಿದೆ, ಆಮೇಲೆ ಯಾರಿಗೂ ಹೇಳದೆ ಮತ್ತೆ ಹತ್ತಿದೆ, ಅವನ ತಪ್ಪಿಲ್ಲ ಎಂದು ಹೇಳಿದೆ. ಬಲಗೈಗೆ ಬ್ಯಾಂಡೇಜು ಸುತ್ತಿದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿದೆ. ಅವನು ಬಾಗಿಲ ಬಳಿ ನಿಂತು ಕೇಳಿಸಿಕೊಂಡ. ಅವನ ಮುಖ ನೋಡಲಾಗದೆ ಗೋಡೆ ಕಡೆ ತಿರುಗಿದೆ.

ಅವನನ್ನು ಉಳಿಸಿದೆ ನಿಜ, ಕ್ಷಮಿಸಿದೆ ಎಂದರೆ ಸುಳ್ಳಾಗುತ್ತದೆ. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡಿದ್ದೆ. ಆಫೀಸಿಗೆ ಬಂದ ಮೇಲೆ ಎಷ್ಟು ಬೇಕೋ ಅಷ್ಟು ಮಾತು, ಅದೂ ಕೆಲಸದ್ದು. ಅವನು ಬೆಳಗ್ಗೆ ಬಂದವನೇ ನನ್ನ ಮೇಜಿನ ಮೇಲೆ ಚಹಾ ಇಡುತ್ತಿದ್ದ. ನಾನು ಕುಡಿಯುತ್ತಿದ್ದೆ, ತಲೆ ಎತ್ತುತ್ತಿರಲಿಲ್ಲ. ಅವತ್ತಿನ ವಿಷಯ ಇಬ್ಬರೂ ಎತ್ತಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು. ಆ ಎರಡು ವರ್ಷವೂ ಅವನು ಬೇರೆಯವರಿಗೆ ಎಲ್‌ಸಿ ಹಿಡಿಯುತ್ತಲೇ ಇದ್ದ.

ಅವನಿಗೆ ಒಬ್ಬಳೇ ಮಗಳು, ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಒಂದು ಕಡೆ ಕೂರುವುದಿಲ್ಲ, ಬರೆಯುವುದನ್ನು ಅರ್ಧಕ್ಕೆ ಬಿಡುತ್ತಾಳೆ ಎಂದು ಟೀಚರ್ ಹೇಳಿದ್ದಕ್ಕೆ ಗಂಡ ಹೆಂಡತಿ ಅವಳನ್ನು ದಾವಣಗೆರೆಯ ಒಬ್ಬರು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರಮ್ಮ ಮಗಳನ್ನು ನೋಡುತ್ತಾ ನೋಡುತ್ತಾ ಅಪ್ಪನನ್ನೂ ನೋಡಿದರಂತೆ. ಅಪ್ಪ ಮಗಳ ಶಾಲೆಯ ಕಾಗದಗಳನ್ನು ಬಸ್ಸಿನಲ್ಲಿ ಬಿಟ್ಟು ಬಂದಿದ್ದ, ಅರ್ಧ ಗಂಟೆಯಲ್ಲಿ ಮೂರು ಸಲ ಎದ್ದು ಹೊರಗೆ ಹೋಗಿ ಬಂದಿದ್ದ. ನೀವು ಚಿಕ್ಕವರಿದ್ದಾಗ ಹೇಗಿದ್ದಿರಿ ಎಂದು ಕೇಳಿದರು. ಅವನ ತಾಯಿಯನ್ನು ಕರೆಸಿ ಕೇಳಿದರು. ಎರಡು ಮೂರು ಭೇಟಿಯ ನಂತರ, ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ, ಗಮನ ಒಂದೆಡೆ ನಿಲ್ಲದ ತೊಂದರೆ, ಮಕ್ಕಳಿಗಷ್ಟೇ ಅಲ್ಲ ದೊಡ್ಡವರಿಗೂ ಇರುತ್ತದೆ, ಮಾತ್ರೆ ಕೊಟ್ಟು ನೋಡೋಣ ಎಂದರು.

ಉತ್ತೇಜಕ ಮಾತ್ರೆಯಂತೆ. ಕೇಳಿ ನನಗೆ ನಗು ಬಂತು. ಮೊದಲೇ ನಿಲ್ಲದೆ ಓಡುವವನಿಗೆ ಉತ್ತೇಜನ ಬೇರೆ, ಇನ್ನು ಇವನನ್ನು ಹಗ್ಗ ಹಾಕಿ ಹಿಡಿಯಬೇಕು ಎಂದು ಮನಸ್ಸಿನಲ್ಲೇ ಆಡಿಕೊಂಡೆ. ಅದು ಮಿದುಳಿನ ಹಿಡಿತವನ್ನು ಎಚ್ಚರಿಸುವ ಮಾತ್ರೆ, ಓಡಿಸುವುದಲ್ಲ ಎಂದು ಆಮೇಲೆ ತಿಳಿಯಿತು.

ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ರಕ್ತ ಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ. ನಾಡಿ, ರಕ್ತದೊತ್ತಡ, ತೂಕ ನೋಡುತ್ತಾರೆ, ಅದು ಮಾತ್ರೆಯಿಂದ ತೊಂದರೆ ಆಗಿದೆಯೋ ಎಂದು ತಿಳಿಯಲು. ಗುಣ ಎಷ್ಟಾಗಿದೆ ಎಂಬುದಕ್ಕೆ ಈ ಹಾಳೆ. ಕೆಲಸ ಅರ್ಧಕ್ಕೆ ಬಿಡುತ್ತಾರೆಯೇ, ಸಾಮಾನು ಕಳೆಯುತ್ತಾರೆಯೇ, ಸಣ್ಣ ವಿವರಗಳಲ್ಲಿ ತಪ್ಪು ಮಾಡುತ್ತಾರೆಯೇ, ಹೀಗೆ ಹದಿನೆಂಟು. ಪ್ರತಿಯೊಂದರ ಮುಂದೆ ನಾಲ್ಕು ಚೌಕ: ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ, ಯಾವಾಗಲೂ. ಮಾತ್ರೆ ಶುರು ಮಾಡುವ ಮೊದಲು ಒಂದು, ಆಮೇಲೆ ವಾರಕ್ಕೊಂದು. ಅವನೊಂದು ತುಂಬಬೇಕು, ಮನೆಯವರೊಂದು, ಕೆಲಸದ ಕಡೆಯವರೊಂದು. ಅವನು ತನ್ನದನ್ನು ಎರಡು ಸಲ ಕಳೆದುಕೊಂಡ.

ಕೆಲಸದ ಕಡೆಯ ಹಾಳೆಯನ್ನು ನನ್ನ ಮೇಜಿನ ಮೇಲೆ ಚಹಾದ ಪಕ್ಕ ಇಟ್ಟು, ನೀವೇ ತುಂಬಿಕೊಡಬೇಕಣ್ಣ, ಬೇರೆ ಯಾರನ್ನೂ ಕೇಳಾಕೆ ಮನಸ್ಸಿಲ್ಲ ಎಂದ. ನಾನು ಓದಿದೆ. ನಾಲ್ಕನೆಯ ಪ್ರಶ್ನೆ: ಮಾಡುತ್ತಿರುವ ಕೆಲಸ ಮುಗಿಯುವ ಮೊದಲೇ ಮುಗಿಯಿತೆಂದು ಬಿಟ್ಟು ಹೋಗುತ್ತಾರೆಯೇ? ಓದಿದ ತಕ್ಷಣ ಇಲ್ಲದ ಬೆರಳು ಉರಿಯಿತು. ಈ ಪ್ರಶ್ನೆ ಇವರಿಗೆ ಹೇಗೆ ಗೊತ್ತಾಯಿತು, ಯಾರಾದರೂ ಹಳೆಯದನ್ನು ಕೆದಕುತ್ತಿದ್ದಾರೋ ಎಂದು ಮೊದಲು ಅನುಮಾನ ಬಂತು. ಸುಳ್ಳು ಹೇಳಿಕೆ ಕೊಟ್ಟವನ ಬುದ್ಧಿ ಅಷ್ಟೇ. ಪೆನ್ನು ತೆಗೆದು ಹದಿನೆಂಟಕ್ಕೂ ‘ಎಂದೂ ಇಲ್ಲ’ ಎಂದು ಗುರುತು ಹಾಕಿ, ಕೆಳಗೆ ಸಹಿಯನ್ನೂ ಹಾಕಿಕೊಟ್ಟೆ. ಸಹಿ ಹಾಕಲು ಅಲ್ಲಿ ಜಾಗವೇ ಇರಲಿಲ್ಲ.

ನಾಲ್ಕು ವಾರ ಹಾಗೇ ತುಂಬಿದೆ. ಡಾಕ್ಟರ್ ಹತ್ತಿರ ಹೋಗುವ ಕಾಗದ ನಮ್ಮ ಸಾಹೇಬರ ಹತ್ತಿರ ಬರುವುದಿಲ್ಲ ಎಂದು ಅವನು ಹೇಳಿದ. ನಾನು ನಂಬಲಿಲ್ಲ. ಕಾಗದಕ್ಕೆ ಕಾಲಿರುತ್ತವೆ ಎಂದೆ.

ಆದರೆ ನನ್ನ ಕಣ್ಣು ನೋಡುತ್ತಿದ್ದುದೇ ಬೇರೆ. ಆಫೀಸಿನಲ್ಲಿ ನನ್ನ ಹತ್ತಿರ ಒಂದು ಎಲ್‌ಸಿ ಪುಸ್ತಕ ಇರುತ್ತದೆ. ಯಾವ ಲೈನು, ಎಷ್ಟು ಗಂಟೆಗೆ ತೆಗೆದುಕೊಂಡರು, ಯಾರು ಹತ್ತಿದರು, ಎಲ್ಲರೂ ಇಳಿದರೋ, ಎಷ್ಟು ಗಂಟೆಗೆ ವಾಪಸ್ ಕೊಟ್ಟರು, ಇಷ್ಟನ್ನೂ ಎಲ್‌ಸಿ ಹಿಡಿದವನು ಫೋನಿನಲ್ಲಿ ಹೇಳಬೇಕು, ನಾನು ಬರೆದುಕೊಳ್ಳಬೇಕು. ಅವನು ಹಿಡಿದ ಎಲ್‌ಸಿಗಳ ಸಾಲು ಯಾವಾಗಲೂ ಅರ್ಧ ಖಾಲಿ ಇರುತ್ತಿತ್ತು. ಅರ್ಧ ಹೇಳಿ ಫೋನ್ ಇಟ್ಟುಬಿಡುತ್ತಿದ್ದ. ಮಾತ್ರೆ ಶುರುವಾದ ಮೂರನೇ ವಾರದಿಂದ ಸಾಲು ತುಂಬತೊಡಗಿತು. ನಾನು ಕೇಳದಿದ್ದರೂ ಎಲ್ಲವನ್ನೂ ಹೇಳುತ್ತಿದ್ದ, ಬರೆದಿರಾ ಎಂದು ಕೇಳುತ್ತಿದ್ದ. ಹನ್ನೊಂದು ವರ್ಷದಿಂದ ನೋಡಿದ ಮನುಷ್ಯನೇ ಅಲ್ಲ.

ಮಧ್ಯಾಹ್ನ ಒಂದು ಗಂಟೆ ದಾಟಿದರೆ ಸಾಲು ಮತ್ತೆ ಖಾಲಿ. ಬೆಳಗ್ಗೆ ಎಂಟೂವರೆಗೆ ನುಂಗಿದ ಮಾತ್ರೆಯ ಕೆಲಸ ಅಷ್ಟು ಹೊತ್ತಿಗೆ ಮುಗಿಯುತ್ತಿತ್ತು. ಇದು ಪುಸ್ತಕದಲ್ಲಿ ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು, ಮತ್ತು ಇಡೀ ಜಗತ್ತಿನಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ. ಅವನ ಹೆಂಡತಿ ಅವನನ್ನು ನೋಡುತ್ತಿದ್ದುದು ಸಂಜೆ ಆರರ ಮೇಲೆ. ಭಾನುವಾರ ರಜೆ ಎಂದು ಅವನು ಮಾತ್ರೆಗೂ ರಜೆ ಕೊಟ್ಟಿದ್ದ. ಆಕೆ ಸಂತೇಬೆನ್ನೂರಿನ ಹೆಣ್ಣುಮಗಳು, ಇದ್ದದ್ದನ್ನು ಮುಖದ ಮೇಲೆ ಹೇಳುವವಳು. ನಾಲ್ಕು ವಾರವೂ ಹದಿನೆಂಟಕ್ಕೂ ‘ಯಾವಾಗಲೂ’ ಎಂದು ಗುರುತು ಹಾಕಿದ್ದಳು. ರೊಟ್ಟಿ ಕಡಿಮೆ ತಿನ್ನುತ್ತಾನೆ ಎಂದು ಪಕ್ಕದಲ್ಲಿ ಬರೆದಿದ್ದಳಂತೆ.

ಐದನೇ ವಾರ ಅವನು ದಾವಣಗೆರೆಯಿಂದ ಬಂದು, ಮಾತ್ರೆ ನಿಲ್ಲಿಸುತ್ತಾರಂತೆ ಎಂದ. ಹೆಂಡತಿಯ ಹಾಳೆ ಮೇಲಿಂದ ಇಳಿದಿಲ್ಲ, ನನ್ನ ಹಾಳೆ ಕೆಳಗಿಂದ ಎದ್ದೇ ಇಲ್ಲ. ಅವನನ್ನು ಕೇಳಿದರೆ ನನಗೇನೂ ಗೊತ್ತಾಗಲ್ರಿ ಎಂದಿದ್ದ. ನಾಡಿ ಮಾತ್ರ ಸ್ವಲ್ಪ ಏರಿತ್ತು. ಇನ್ನೊಂದು ವಾರ ನೋಡಿ, ಹೀಗೇ ಇದ್ದರೆ ಬಿಟ್ಟುಬಿಡೋಣ ಎಂದಿದ್ದರು ಡಾಕ್ಟರಮ್ಮ. ಅವನ ದನಿಯಲ್ಲಿ ಏನೂ ಇರಲಿಲ್ಲ. ನನ್ನ ಹಣೆಬರಹ ಮಾತ್ರೆಗೂ ಬಗ್ಗಲ್ಲ ಬಿಡಣ್ಣ ಎಂದು ಚಹಾ ಇಟ್ಟು ಹೋದ.

ಆದರೂ ನಾನು ಬಾಯಿ ಬಿಡಲಿಲ್ಲ. ಆಗ ಬಾಯಿ ಬಿಟ್ಟಿದ್ದರೆ ನಾಲ್ಕು ಹಾಳೆಯ ಸುಳ್ಳು ಒಪ್ಪಿಕೊಳ್ಳಬೇಕಿತ್ತು. ಅದರ ಹಿಂದಿನ ಹೆಬ್ಬೆಟ್ಟಿನ ಸುಳ್ಳಿಗೂ ಅಲ್ಲಿಂದ ದೂರವಿರಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಮೂರರ ಸುಮಾರಿಗೆ ಸಬ್‌ಸ್ಟೇಷನ್ನಿನ ಆಪರೇಟರ್ ನನಗೆ ಫೋನ್ ಮಾಡಿದರು. ಜಗಳೂರು ಕಡೆಯವರು, ನಿಧಾನಸ್ಥರು, ಕೇಳಿದಾಗ ಕೇಳಿದಷ್ಟೇ ಮಾತಾಡುವವರು. ನಮ್ಮವನು ಎಲ್‌ಸಿ ವಾಪಸ್ ಕೊಡಲು ಫೋನ್ ಮಾಡಿದ್ದನಂತೆ. ಇವರು ಅಭ್ಯಾಸದಂತೆ, ಎಲ್ಲರೂ ಇಳಿದರೇನ್ರಿ ಎಂದು ಕೇಳಿದರಂತೆ. ಆಮೇಲೆ, ಇರ್ರಿ ಇರ್ರಿ, ಬಿಡಬ್ಯಾಡ್ರಿ ಎಂದು ಅವನು ಕೂಗಿದ್ದು ಕೇಳಿಸಿತಂತೆ. ಹೊಸದಾಗಿ ಸೇರಿದ ಇಬ್ಬರು ಲೈನ್‌ಮನ್‌ಗಳು ಆಚೆ ತಿರುವಿನ ಕಂಬದ ಮೇಲೆ ಇನ್ನೂ ಇದ್ದರು.

ಯಾರಿಗೂ ಏನೂ ಆಗಲಿಲ್ಲ. ಆ ಇಬ್ಬರಲ್ಲಿ ಒಬ್ಬನ ಲಗ್ನಪತ್ರಿಕೆ ನನ್ನ ಮೇಜಿನ ಮೇಲಿತ್ತು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದು. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಎರಡು ವರ್ಷದಿಂದ ನಾನು ಒಬ್ಬನ ಕೆಲಸ ಉಳಿಸಿದ ದೊಡ್ಡ ಮನುಷ್ಯ ಎಂದುಕೊಂಡು ಓಡಾಡುತ್ತಿದ್ದೆ. ಕಂಬ ಹತ್ತುವವರನ್ನು ಯಾರು ಉಳಿಸಬೇಕು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮುಂದಿನ ಭೇಟಿಗೆ ನಾನೂ ಬರುತ್ತೇನೆ ಎಂದೆ. ಎಲ್‌ಸಿ ಪುಸ್ತಕವನ್ನು ಆಫೀಸಿನಿಂದ ಒಯ್ಯುವಂತಿಲ್ಲ, ಆರು ವಾರದ ಪುಟಗಳ ಫೋಟೋ ಫೋನಿನಲ್ಲಿ ತೆಗೆದುಕೊಂಡೆ. ಹೊನ್ನಾಳಿಯಲ್ಲಿ ಬಸ್ ಬದಲಿಸಿ ದಾವಣಗೆರೆಗೆ ಹೋದೆವು. ದಾರಿಯುದ್ದಕ್ಕೂ ಅವನು ಕಿಟಕಿಯಿಂದ ಕಂಬಗಳನ್ನು ನೋಡುತ್ತಿದ್ದ, ನಾನು ನನ್ನ ಕೈ ನೋಡಿಕೊಳ್ಳುತ್ತಿದ್ದೆ.

ಡಾಕ್ಟರಮ್ಮ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸಿನವರು. ನನ್ನ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕೆಳಗೆ ನನ್ನ ನಾಲ್ಕು ಸಹಿ. ಇಷ್ಟು ಒಳ್ಳೆಯ ಮನುಷ್ಯನಿಗೆ ನಾನು ಯಾಕೆ ಮಾತ್ರೆ ಕೊಡುತ್ತಿದ್ದೇನೋ ನನಗೇ ಅರ್ಥವಾಗಲಿಲ್ಲ ಎಂದು ಮೆಲ್ಲಗೆ ನಕ್ಕರು. ನಾನು ನಗಲಿಲ್ಲ. ಅವು ನಾಲ್ಕೂ ಸುಳ್ಳು ಎಂದೆ. ಇವನ ಹೆಸರು ಕೆಡಬಾರದು ಎಂದು ಬರೆದದ್ದು ಎಂದೆ.

ಅವರಿಗೆ ಸಿಟ್ಟು ಬರಬಹುದೆಂದು ಕಾದೆ. ಬಂದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಅವರು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಪಕ್ಕಕ್ಕಿಟ್ಟು ಇಷ್ಟೇ ಹೇಳಿದರು.

“ಇದು ನಡತೆಯ ಸರ್ಟಿಫಿಕೇಟ್ ಅಲ್ಲ. ಇಳಿದದ್ದು ನನಗೆ ಕಾಣಬೇಕಾದರೆ ಮೊದಲು ಎಷ್ಟು ಎತ್ತರದಲ್ಲಿತ್ತು ಅಂತ ನೀವು ಹೇಳಬೇಕು.”

ಹೊಸ ಹಾಳೆಯೊಂದನ್ನು ಕೊಟ್ಟು, ಮಾತ್ರೆ ಶುರು ಮಾಡುವ ಮೊದಲು ಹೇಗಿದ್ದರೋ ಹಾಗೆ ತುಂಬಿ ಎಂದರು. ಅವನು ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಹೊರಗೆ ಹೋಗುತ್ತೀರಾ ಎಂದು ಅವರು ಅವನನ್ನು ಕೇಳಿದರು. ಇಲ್ರಿ, ಇಲ್ಲೇ ಇರ್ತೀನಿ ಎಂದ.

ಮೊದಲ ಮೂರಕ್ಕೆ ಗುರುತು ಹಾಕಿ ನಾಲ್ಕನೆಯದಕ್ಕೆ ಬಂದೆ. ಪೆನ್ನು ಓಡಲಿಲ್ಲ. ಡಾಕ್ಟರಮ್ಮ ನನ್ನ ಕೈ ನೋಡಿದರು. ಕೈಗೆ ಏನಾಗಿತ್ತು ಎಂದು ಕೇಳಿದರು. ಎರಡು ವರ್ಷ ಯಾರು ಕೇಳಿದರೂ ಕರೆಂಟು ಹೊಡೀತು ಎಂದಷ್ಟೇ ಹೇಳುತ್ತಿದ್ದವನು ಅವತ್ತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ರೈತನ ಫೋನು, ವಾಪಸ್ ಕೊಟ್ಟ ಎಲ್‌ಸಿ, ನಾನು ಹಾಕದೆ ಬಿಟ್ಟ ರಾಡು, ಹೆಬ್ಬೆಟ್ಟು ಒತ್ತಿದ ಹೇಳಿಕೆ, ಮೊನ್ನೆಯ ಇಬ್ಬರು, ಯಾವುದನ್ನೂ ಬಿಡಲಿಲ್ಲ. ಅವನು ಕದಲದೆ ಕೂತಿದ್ದ.

ಅಪಘಾತವಾದ ಮೇಲೆ ಇವರನ್ನು ಯಾರಾದರೂ ಪರೀಕ್ಷೆ ಮಾಡಿಸಿ ಎಂದು ಹೇಳಿದರಾ ಎಂದು ಡಾಕ್ಟರಮ್ಮ ಕೇಳಿದರು. ಯಾರು ಹೇಳುತ್ತಾರೆ? ಕಾಗದದ ಪ್ರಕಾರ ಅವನು ಏನೂ ಮಾಡಿರಲಿಲ್ಲ. ನಾನು ನಾಲ್ಕನೆಯ ಪ್ರಶ್ನೆಗೆ ‘ಯಾವಾಗಲೂ’ ಎಂದು ಗುರುತು ಹಾಕಿದೆ.

ಎಲ್‌ಸಿ ಪುಸ್ತಕದ ಫೋಟೋಗಳನ್ನು ತೋರಿಸಿದಾಗ ಅವರು ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬೆಳಗಿನ ಸಾಲು ತುಂಬಿದೆ, ಮಧ್ಯಾಹ್ನದ ಸಾಲು ಖಾಲಿ. ಮಾತ್ರೆ ಕೆಲಸ ಮಾಡುತ್ತಿದೆ, ಸಾಕಾಗುವಷ್ಟು ಹೊತ್ತು ಮಾಡುತ್ತಿಲ್ಲ ಎಂದರು. ಮಧ್ಯಾಹ್ನಕ್ಕೆ ಇನ್ನೊಂದು ಸೇರಿಸಿದರು. ಭಾನುವಾರವೂ ಬಿಡಬಾರದು ಎಂದರು. ಹೆಂಡತಿ ತನ್ನ ಹಾಳೆಯನ್ನು ಇನ್ನು ಮೇಲೆ ಭಾನುವಾರ ಬೆಳಗ್ಗೆ ಇವರನ್ನು ನೋಡಿ ತುಂಬಲಿ ಎಂದರು. ಮಾತ್ರೆ ಕಡಿಮೆ ಮಾಡುತ್ತದೆಯೇ ಹೊರತು ಅಳಿಸಿ ಹಾಕುವುದಿಲ್ಲ, ಹಾಗಾಗಿ ಒಂದು ರೂಢಿಯನ್ನೂ ಮಾಡಿಕೊಳ್ಳಬೇಕು, ಏನು ಎಂದು ನೀವೇ ಯೋಚಿಸಿ ಎಂದು ಅವನಿಗೆ ಹೇಳಿದರು. ಅಲ್ಲಿಯವರೆಗೆ ಇನ್ನೊಬ್ಬರ ಜೀವದ ಜವಾಬ್ದಾರಿ ಬೇಡ ಎಂದರು. ಅವನು ತಲೆ ಆಡಿಸಿದ.

ವಾಪಸ್ ಬರುವಾಗ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನ್ಯಾಮತಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಅವನು ಅವತ್ತು ನನ್ನ ಜೊತೆ ಮೊದಲ ಮಾತು ಆಡಿದ.

“ಎಲ್ಡು ವರ್ಷ ನೀವು ನನಗೆ ಒಂದು ಮಾತು ಬೈಲಿಲ್ಲಣ್ಣ. ಬೈದಿದ್ರೆ ನನ್ನ ತಲೆಗೆ ಏನಾಗೈತೆ ಅಂತ ಅವತ್ತೇ ಯಾರನ್ನಾದ್ರೂ ಕೇಳಾಕೆ ಹೋಗ್ತಿದ್ದೆ.”

ನೆತ್ತಿಗೇರಿತು ನೋಡಿ ಸಿಟ್ಟು. ಎರಡು ವರ್ಷದ್ದು ಒಟ್ಟಿಗೇ ಏರಿತು. ಬಸ್‌ಸ್ಟ್ಯಾಂಡ್ ಎಂಬುದನ್ನೂ ನೋಡದೆ ಬೈದೆ. ಅವನನ್ನು ಬೈದೆ, ಅವನ ಫೋನನ್ನು ಬೈದೆ, ಫೋನ್ ಮಾಡಿದ ರೈತನನ್ನೂ ಬಿಡಲಿಲ್ಲ. ನನ್ನ ಹೆಂಡತಿ ಆರು ತಿಂಗಳು ನನಗೆ ತುತ್ತು ಮಾಡಿ ತಿನ್ನಿಸಿದ್ದನ್ನು ಹೇಳಿದೆ. ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಬಚ್ಚಲಲ್ಲಿ ನಿಂತು ಅತ್ತದ್ದನ್ನು ಹೇಳಿದೆ, ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಕಾಯುತ್ತಿದ್ದ ಜನ ಸುತ್ತ ನಿಂತು ನೋಡಿದರು. ಅವನು ನಡುವೆ ಬಾಯಿ ಹಾಕಲಿಲ್ಲ, ಬಿಟ್ಟು ಹೋಗಲಿಲ್ಲ, ಕೊನೆಯ ಮಾತಿನವರೆಗೂ ನನ್ನ ಮುಖ ನೋಡುತ್ತಾ ನಿಂತು ಕೇಳಿದ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ನಮ್ಮ ಬಸ್ಸು ಹೋಗಿಬಿಟ್ಟಿತ್ತು.

ಮರುದಿನ ಅವನೇ ಸಾಹೇಬರ ಕೋಣೆಗೆ ಹೋಗಿ, ನನಗೆ ಇಂಥ ತೊಂದರೆ ಇದೆ, ಔಷಧಿ ನಡೆಯುತ್ತಿದೆ, ಡಾಕ್ಟರ್ ಹೇಳುವವರೆಗೆ ನಾನು ಹತ್ತುತ್ತೇನೆ, ಎಲ್‌ಸಿ ಬೇರೆಯವರು ಹಿಡಿಯಲಿ ಎಂದು ಹೇಳಿ ಬಂದ. ಹಳೆಯ ಹೇಳಿಕೆಯನ್ನೂ ಸರಿ ಮಾಡಿಸುತ್ತೇನೆ ಎಂದು ಹೊರಟಿದ್ದ. ಅದನ್ನು ನಾನು ತಡೆದೆ. ತಡೆದದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಆ ಹೆಬ್ಬೆಟ್ಟು ಯಾವುದೋ ಕಡತದಲ್ಲಿ ಹಾಗೇ ಇದೆ.

ಎರಡು ತಿಂಗಳು ಹಾಳೆಗಳು ನಡೆದವು, ಈ ಸಲ ಇದ್ದದ್ದು ಇದ್ದಂತೆ. ‘ಯಾವಾಗಲೂ’ ಎಂಬ ಗುರುತು ‘ಆಗಾಗ’ಕ್ಕೆ ಬಂತು, ಕೆಲವು ‘ಕೆಲವೊಮ್ಮೆ’ಗೆ ಇಳಿದವು. ಅವನ ಹೆಂಡತಿ ಭಾನುವಾರದ ಹಾಳೆಯಲ್ಲಿ, ಮಗಳ ಜೊತೆ ಕೂತು ಒಂದು ಪಾಠ ಪೂರ್ತಿ ಓದಿಸಿದರು ಎಂದು ಬರೆದಿದ್ದಳಂತೆ. ಕಟಿಂಗ್ ಪ್ಲೇಯರ್ ಮಾತ್ರ ಈಗಲೂ ಕಂಬದ ಮೇಲೆ ಉಳಿಯುತ್ತದೆ. ಅದಾದ ಮೇಲೆ ಡಾಕ್ಟರಮ್ಮನ ಚೀಟಿ ನೋಡಿ ಸಾಹೇಬರು ಅವನಿಗೆ ಎಲ್‌ಸಿ ಹಿಡಿಯಲು ಮತ್ತೆ ಒಪ್ಪಿಗೆ ಕೊಟ್ಟರು.

ಆ ಮೊದಲ ದಿನ ಬೆಳಗ್ಗೆ ಹನ್ನೊಂದಕ್ಕೆ ಅವನ ಫೋನ್ ಬಂತು. ಇಬ್ಬರು ಹತ್ತಿದ್ದರು, ಇಬ್ಬರೂ ಇಳಿದರು ಎಂದು ಹೆಸರು ಹೇಳಿದ, ನಾನು ಬರೆದುಕೊಂಡೆ. ಆಮೇಲೆ ಕೇಳಿದ.

“ನೀವು ಇಳಿದ್ರೇನಣ್ಣ?”

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಮೈ ಉರಿಯಿತು. ಎರಡು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೀನಿ, ಗೇಲಿ ಮಾಡಾಕೆ ನಾನೇ ಸಿಕ್ಕೆನಾ ಎಂದೆ. ಅವನು ಫೋನ್ ಇಡಲಿಲ್ಲ. ಅತ್ತ ಕಡೆ ಗಾಳಿಯ ಸದ್ದು ಕೇಳುತ್ತಿತ್ತು. ಅವನು ಕಾಯುತ್ತಿದ್ದ. ಡಾಕ್ಟರಮ್ಮ ಯೋಚಿಸಿ ಎಂದಿದ್ದ ರೂ‍ಢಿ ಇದೇ ಎಂದು ಆಗ ತಿಳಿಯಿತು. ಅವತ್ತು ಕೇಳದೇ ಬಿಟ್ಟದ್ದನ್ನು ಅವನು ಈಗ ಕೇಳುತ್ತಿದ್ದ, ಉತ್ತರ ಬರುವವರೆಗೆ ಲೈನಿಗೆ ಕರೆಂಟ್ ಬಿಡಿಸುವಂತಿರಲಿಲ್ಲ. ಇಳಿದೀನಿ ಎಂದೆ. ಆಮೇಲೆ ಅವನು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದ.

ಅಂದಿನಿಂದ ಪ್ರತಿ ಸಲವೂ ಕೇಳುತ್ತಾನೆ. ದಿನಕ್ಕೆ ಎರಡು ಸಲ, ಮೂರು ಸಲ. ಎಲ್‌ಸಿ ಪುಸ್ತಕದಲ್ಲಿ ಹತ್ತಿದವರ ಹೆಸರಿನ ಕೆಳಗೆ ನನ್ನದೊಂದು ಹೆಸರು ಬರೆಯಲು ಕಾಲಂ ಇಲ್ಲ, ಇದ್ದಿದ್ದರೆ ಬರೆಯುತ್ತಿದ್ದೆನೋ ಏನೋ.

ಮೊನ್ನೆ ಆರು ತಿಂಗಳ ಹಾಳೆ ಬಂತು. ಮಧ್ಯಾಹ್ನ ಮೂರರ ಮೇಲೆ, ಅವನ ಕೆಟ್ಟ ಹೊತ್ತು ಎಂದು ನಾನು ಹೆಸರಿಟ್ಟ ಹೊತ್ತಿನಲ್ಲಿ, ತುಂಬಲು ಕೂತೆ. ಹದಿನೇಳು ಮುಗಿದವು. ಒಂದಕ್ಕೂ ‘ಎಂದೂ ಇಲ್ಲ’ ಎಂದು ಹಾಕಲಿಲ್ಲ, ಹಾಕಿದರೆ ಸುಳ್ಳಾಗುತ್ತಿತ್ತು. ಉಳಿದದ್ದು ಕೊನೆಯದು: ಎದುರಿನವರ ಉತ್ತರಕ್ಕೆ ಕಾಯದೆ ಮುಂದುವರಿಯುತ್ತಾರೆಯೇ? ಪೆನ್ನು ಹಿಡಿದು ಯೋಚಿಸುತ್ತಿರುವಾಗಲೇ ಫೋನ್ ಬಂತು. ಮೂವರು ಹತ್ತಿದ್ದರು, ಮೂವರೂ ಇಳಿದಿದ್ದರು. ನೀವು ಇಳಿದ್ರೇನಣ್ಣ ಎಂದು ಕೇಳಿದ.

ನಾನು ಬೇಕೆಂದೇ ಸುಮ್ಮನಿದ್ದೆ. ಎದುರಿನ ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಸೆಕೆಂಡಿನ ಮುಳ್ಳು ಒಂದು ಪೂರ್ತಿ ಸುತ್ತು ಹಾಕಿತು. ಅವನು ಹಲೋ ಎನ್ನಲಿಲ್ಲ, ಇಡಲಿಲ್ಲ, ಬೇರೆ ಯಾರೊಂದಿಗೂ ಮಾತಾಡಲಿಲ್ಲ. ಅವನ ಉಸಿರು ನನಗೆ ಕೇಳುತ್ತಿತ್ತು. ಮುಳ್ಳು ಎರಡನೇ ಸುತ್ತು ಅರ್ಧ ಮುಗಿಸಿದಾಗ ನನಗೇ ತಡೆಯಲಾಗಲಿಲ್ಲ.

“ಇಳಿದೀನಿ ಕಣಯ್ಯ,” ಎಂದೆ.

ಅವನು ಫೋನ್ ಇಟ್ಟ ಮೇಲೆ ಕಣ್ಣೊರೆಸಿಕೊಂಡು, ಹದಿನೆಂಟನೆಯ ಪ್ರಶ್ನೆಗೆ ‘ಎಂದೂ ಇಲ್ಲ’ ಎಂದು ಗುರುತು ಹಾಕಿದೆ.